ಷಷ್ಠಿಯನ್ನು ಇಂಗ್ಲಿಷಿನ ಅಂಗಡಿಯಿಂದಲೇ ತರಬೇಕೆ?

"ಮಾವ, ಈ ವಯಸ್ಸಿನಲ್ಲಿ ನಿಮಗೇಕೆ ಈ ತಲೆನೋವು? ಪ್ರಪಂಚದ ಅತಿ ಕಠಿಣ ಭಾಷೆಗಳಲ್ಲಿ ಇದೂ ಒಂದು. ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಅಷ್ಟು ಸಾಕು."

ಹೀಗೆಂದವರು ನಮ್ಮ ಅಳಿಯಂದಿರು. ಸ್ಥಳ, ಫಿನ್‌ಲೆಂಡ್ ದೇಶದ ಎಸ್ಪೋ ನಗರದಲ್ಲಿರುವ ಅವರ ಮನೆಯ ಅಡುಗೆಕೋಣೆ. ನನ್ನ ಕೈಯಲ್ಲಿ ಗ್ರಂಥಾಲಯದಿಂದ ತಂದ ಫಿನ್ನಿಷ್ ವ್ಯಾಕರಣದ ಪುಸ್ತಕವಿತ್ತು. ಅಳಿಯಂದಿರು ಒಳ್ಳೆಯವರು, ವಿನಯವಂತರು, ತಮ್ಮ ಕೆಲಸದಲ್ಲಿ ಗಟ್ಟಿಗರು. ಆ ಊರಿನಲ್ಲಿ ಅವರು ನೆಲೆಸಿ ಒಂಬತ್ತು ವರ್ಷವಾಗಿದೆ. ಅವರ ಮಾತಿಗೆ ನಾನು ಆಗ ಉತ್ತರ ಕೊಡಲಿಲ್ಲ. ಅಳಿಯನ ಮನೆಯಲ್ಲಿ ಕುಳಿತು ಅಳಿಯನೊಡನೆ ವಾದಕ್ಕಿಳಿಯುವುದು ನಮ್ಮ ಕಡೆಯ ಪದ್ಧತಿಯಲ್ಲ. ಆದ್ದರಿಂದ ಊರಿಗೆ ಮರಳಿದ ಮೇಲೆ, ನನ್ನ ಈ ಪುಟದಲ್ಲಿ, ಆ ಉತ್ತರವನ್ನು ಬರೆಯುತ್ತಿದ್ದೇನೆ. ಓದುಗ ಮಹನೀಯರಲ್ಲಿ ಮಕ್ಕಳು ಹೊರದೇಶದಲ್ಲಿರುವವರು ಅನೇಕರಿದ್ದೀರಿ. ನಿಮಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಒಂದು ಪ್ರಸಂಗವನ್ನು ಹೇಳಬೇಕು. ಮೊಮ್ಮಗನಿಗೆ ಐದು ವರ್ಷ. ಶಿಶುವಿಹಾರಕ್ಕೆ ಹೋಗುತ್ತಾನೆ. ಅಲ್ಲಿಂದ ಒಂದು ನಮೂನೆ ಬಂದಿತ್ತು. ಅದರ ಮೊದಲ ಸಾಲು 'ಲಪ್ಸೆನ್ ನಿಮಿ', ಎಂದರೆ ಮಗುವಿನ ಹೆಸರು. ಕೊನೆಯಲ್ಲಿ 'ಹುಒಲ್ತಯನ್ ಅಲ್ಲೆಕಿರ್ಯೊಇತುಸ್', ಎಂದರೆ ಪೋಷಕರ ಸಹಿ. ಮಗಳು ಅದನ್ನು ಮೊಬೈಲಿನ ಅನುವಾದದ ಮುಂದೆ ಹಿಡಿದಳು, ಇಂಗ್ಲಿಷ್ ಬಂತು, ತುಂಬಿದಳು, ಮುಗಿಯಿತು. ಮರುದಿನ ಸಂಜೆ ಮಗುವನ್ನು ಕರೆತರಲು ನಾನೂ ಜೊತೆಯಲ್ಲಿ ಹೋಗಿದ್ದೆ. ಅಲ್ಲಿನ ಶಿಕ್ಷಕಿಗೆ ಮಗಳು ಫಿನ್ನಿಷ್‌ನಲ್ಲಿಯೇ ಏನೋ ಹೇಳಲು ಹೊರಟಳು. 'ಲಪ್ಸಿ ಕನ್‌ಸ್ಸ' ಎಂದಳು. "ಮಗುವಿನ ಜೊತೆ" ಎನ್ನಬೇಕಾದಲ್ಲಿ "ಮಗು ಜೊತೆ" ಎಂದಂತಾಯಿತು. ಶಿಕ್ಷಕಿಗೆ ಅರ್ಥವಾಯಿತು, ಆಕೆ ನಕ್ಕು ತಲೆಯಾಡಿಸಿದಳು. ಆದರೆ ಕೆಳಗಿನಿಂದ ಮೊಮ್ಮಗ ಗಟ್ಟಿಯಾಗಿ "ಲಪ್ಸೆನ್ ಕನ್‌ಸ್ಸ!" ಎಂದು ತಿದ್ದಿದ. ಮಗುವಿನ ತಪ್ಪೇನೂ ಇಲ್ಲ. ಆದರೆ ಅಂದಿನಿಂದ ನಾನು ಅಲ್ಲಿರುವವರೆಗೂ ಮಗಳು ಅವನ ಎದುರಿಗೆ ಫಿನ್ನಿಷ್ ಮಾತನಾಡಲಿಲ್ಲ. ಎಂ.ಟೆಕ್. ಓದಿದ ನನ್ನ ಮಗಳು! ಆ ದೇಶದ ಪೌರತ್ವಕ್ಕೆ ಅಲ್ಲಿಯ ರಾಷ್ಟ್ರೀಯ ಭಾಷಾಪರೀಕ್ಷೆಯಲ್ಲಿ ಮೂರನೆಯ ಮಟ್ಟವನ್ನು ತೋರಿಸಬೇಕು. ಆಕೆ ಒಮ್ಮೆ ಕುಳಿತು, ಬರವಣಿಗೆಯ ಭಾಗದಲ್ಲಿ ಅದನ್ನು ಪಡೆಯಲಾಗದೆ ಬಂದಿದ್ದಾಳೆಂಬುದು ಆ ರಾತ್ರಿ ನನಗೆ ತಿಳಿಯಿತು.

"ಇಷ್ಟು ದಿನ ಏನು ಕಲಿಸಿದರು?" ಎಂದು ಕೇಳಿದೆ. ಆಕೆ ಹೋಗಿ ಬಂದ ಸಂಜೆಯ ತರಗತಿಯ ಹಾಳೆಗಳನ್ನು ತಂದು ಹರವಿದಳು. ಆ ತರಗತಿಯನ್ನು ನಡೆಸಿದ ಸಂಸ್ಥೆಯ ಹೆಸರು ಬೇಡ. ಹಾಳೆಯಲ್ಲಿ 'ಗೆನೆತೀವಿ' ಎಂಬ ತಲೆಬರಹ. ಅದೇ ನಮ್ಮ ಷಷ್ಠೀ ವಿಭಕ್ತಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯ: ಇದು ಒಡೆತನವನ್ನು ತೋರಿಸುವ ವಿಭಕ್ತಿ, ಇಂಗ್ಲಿಷಿನ 'ಆಫ್' ಅಥವಾ ನಾಮಪದದ ಕೊನೆಯ 'ಎಸ್'ಗೆ ಸಮಾನ, ಪದದ ಕೊನೆಗೆ 'ನ್' ಸೇರಿಸಿರಿ. ಉದಾಹರಣೆ, 'ಮತಿನ್ ಔತೊ': ಮತ್ತಿ ಎಂಬುವನ ಕಾರು. ಅಷ್ಟೇ. ಮುಂದಿನ ಹಾಳೆಯಲ್ಲಿ ಬೇರೆ ವಿಭಕ್ತಿ.

ಈ ಒಂದು ವಾಕ್ಯದ ಮೇಲೆಯೇ ನನ್ನ ತಕರಾರು. ಕನ್ನಡಿಗರ ಪಾಲಿಗೆ ಅದು ಅಸಂಪೂರ್ಣ ಮಾತ್ರವಲ್ಲ, ದಾರಿ ತಪ್ಪಿಸುವ ವಾಕ್ಯ. ನನ್ನ ಫಿನ್ನಿಷ್ ಜ್ಞಾನ ಇಂದಿಗೂ ನಾಲ್ಕನೆಯ ತರಗತಿಯ ಮಟ್ಟದ್ದೇ. ಆದರೆ 32 ವರ್ಷ ಪ್ರೌಢಶಾಲೆಯಲ್ಲಿ ವಿಭಕ್ತಿಪ್ರತ್ಯಯಗಳನ್ನು ಕಲಿಸಿದವನು ನಾನು; ಒಂದು ವಿಭಕ್ತಿ ಏನು ಕೆಲಸ ಮಾಡುತ್ತಿದೆ ಎಂಬುದನ್ನು ನೋಡುವಷ್ಟು ಕಣ್ಣು ಇದೆ.

ಒಡೆತನದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಷಷ್ಠಿ ಒಡೆತನದ ವಿಭಕ್ತಿಯಾದರೆ, "ನನಗೆ ಒಂದು ಮನೆಯಿದೆ" ಎಂಬ ಅಪ್ಪಟ ಒಡೆತನದ ವಾಕ್ಯದಲ್ಲಿ ಅದು ಇರಬೇಕಷ್ಟೆ? ಇಲ್ಲ. ಫಿನ್ನಿಷ್‌ನಲ್ಲಿ ಅದು 'ಮಿನುಲ್ಲ ಒನ್ ತಲೊ'. ತಲೊ ಎಂದರೆ ಮನೆ, ಒನ್ ಎಂದರೆ ಇದೆ, ಮಿನುಲ್ಲ ಎಂದರೆ ನನ್ನ ಬಳಿ, ನನ್ನಲ್ಲಿ. ಇದು ಷಷ್ಠಿಯಲ್ಲ, ನಮ್ಮ ಸಪ್ತಮಿಯ ಜಾತಿಯದು. ಇಂಗ್ಲಿಷಿನ 'ಹ್ಯಾವ್' ಎಂಬ ಕ್ರಿಯಾಪದ ಆ ಭಾಷೆಯಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿಯೂ ಇಲ್ಲ! "ನನ್ನ ಹತ್ತಿರ ದುಡ್ಡಿದೆ" ಎನ್ನುವ ಕನ್ನಡಿಗನಿಗೆ ಈ ವಾಕ್ಯ ಸ್ವಂತ ಮನೆಯ ಜಗುಲಿಯಷ್ಟು ಪರಿಚಿತ. ಅವನನ್ನು ಕರೆದು ಕೂರಿಸಿ, "ಮೊದಲು ಇಂಗ್ಲಿಷಿನಲ್ಲಿ ಐ ಹ್ಯಾವ್ ಎನ್ನು, ಆಮೇಲೆ ಅದನ್ನು ಒಡೆದು ಫಿನ್ನಿಷ್ ಮಾಡು" ಎಂದು ಕಲಿಸುವುದು, ಪಕ್ಕದ ಮನೆಗೆ ಹೋಗಲು ಪಕ್ಕದ ತಾಲ್ಲೂಕಿನ ಬಸ್ಸು ಹತ್ತಿಸಿದ ಹಾಗೆ.

ಹಾಗಾದರೆ ಷಷ್ಠಿ ಅಲ್ಲಿ ಏನು ಮಾಡುತ್ತದೆ? ಏನು ಮಾಡುವುದಿಲ್ಲ ಎಂದು ಕೇಳಬೇಕು. 'ತಲೊನ್ ತಕನ', ಮನೆಯ ಹಿಂದೆ. 'ಲಪ್ಸೆನ್ ಕನ್‌ಸ್ಸ', ಮಗುವಿನ ಜೊತೆ. ಹಿಂದೆ, ಮುಂದೆ, ಕೆಳಗೆ, ಜೊತೆ ಎಂಬಂಥ ಪದಗಳು ಅಲ್ಲಿಯೂ ಬಹುಮಟ್ಟಿಗೆ ನಾಮಪದದ ನಂತರವೇ ಬರುತ್ತವೆ, ನಾಮಪದ ಷಷ್ಠಿಯಲ್ಲಿಯೇ ನಿಲ್ಲುತ್ತದೆ. ಪದದ ಕ್ರಮವೂ ನಮ್ಮದೇ, ವಿಭಕ್ತಿಯೂ ನಮ್ಮದೇ. ಇಂಗ್ಲಿಷಿನವನು 'ಬಿಹೈಂಡ್ ದಿ ಹೌಸ್' ಎಂದು ತಲೆಕೆಳಗಾಗಿ ನಿಂತು ಹೇಳುವುದನ್ನು ನಾವೇಕೆ ನಡುವೆ ತರಬೇಕು? ನನ್ನ ಮಗಳು 'ಲಪ್ಸಿ ಕನ್‌ಸ್ಸ' ಎಂದದ್ದೇಕೆಂದು ಈಗ ವಿಚಾರ ಮಾಡಿ. 'ವಿತ್ ದಿ ಚೈಲ್ಡ್' ಎಂಬುದರಲ್ಲಿ ಚೈಲ್ಡ್ ಎಂಬ ಪದಕ್ಕೆ ಯಾವ ಪ್ರತ್ಯಯವೂ ಇಲ್ಲ. ಇಂಗ್ಲಿಷಿನಲ್ಲಿ ಯೋಚಿಸಿದ್ದರಿಂದ ಪ್ರತ್ಯಯ ಬಿಟ್ಟುಹೋಯಿತು. ಕನ್ನಡದಲ್ಲಿ ಯೋಚಿಸಿದ್ದರೆ "ಮಗುವಿನ" ಎಂಬ ರೂಪ ತಾನಾಗಿ ಬಂದು ಬಾಯಲ್ಲಿ ಕೂರುತ್ತಿತ್ತು. ತಪ್ಪು ಮಗಳದೂ ಅಲ್ಲ, ಫಿನ್ನಿಷ್‌ನದೂ ಅಲ್ಲ. ಮಧ್ಯಸ್ಥಿಕೆ ವಹಿಸಿದ ಮೂರನೆಯವರದು.

ಇನ್ನೂ ಇದೆ. 'ಲಪ್ಸೆನ್ ಲುಕೆಮ ಕಿರ್ಯ' ಎಂದರೆ ಮಗು ಓದಿದ ಪುಸ್ತಕ. ಕಿರ್ಯ ಪುಸ್ತಕ, ಲುಕೆಮ ಓದಿದ. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಪುಸ್ತಕವನ್ನು ಮೊದಲು ನಿಲ್ಲಿಸಿ, ಅದರ ಹಿಂದೆ 'ಯಾವುದನ್ನು ಮಗು ಓದಿತೋ' ಎಂಬ ಬಾಲವನ್ನು ಕಟ್ಟಬೇಕು. ಕನ್ನಡದ ಕೃದಂತದ ಕ್ರಮ ಫಿನ್ನಿಷ್‌ನಲ್ಲಿ ಹಾಗೆಯೇ ಇದೆ; ವ್ಯತ್ಯಾಸವೆಂದರೆ ನಾವು "ಮಗು ಓದಿದ" ಎನ್ನುತ್ತೇವೆ, ಅವರು "ಮಗುವಿನ ಓದಿದ" ಎನ್ನುತ್ತಾರೆ. ಕರ್ತೃ ಷಷ್ಠಿಯಲ್ಲಿ ಬರುತ್ತದೆ. 'ಮಿನುನ್ ಒನ್ ಪಕ್ಕೊ ಲುಕೆಅ' ಎಂದರೆ ನಾನು ಓದಲೇಬೇಕು. ಅಲ್ಲಿಯೂ 'ಮಿನುನ್', ನನ್ನ. 'ಮಿನುನ್ ಒನ್ ಕೂಮ' ಎಂದರೆ ನನಗೆ ಸೆಖೆಯಾಗುತ್ತಿದೆ. ಇಂಗ್ಲಿಷಿನವನು ಸೆಖೆಯನ್ನು ತಾನೇ ಆಗಿಬಿಡುತ್ತಾನೆ, 'ಐ ಆಮ್ ಹಾಟ್' ಎನ್ನುತ್ತಾನೆ. ನಮಗೂ ಅವರಿಗೂ ಸೆಖೆ, ಚಳಿಗಳು ಹೊರಗಿನಿಂದ ಬಂದು ತಟ್ಟುವಂಥವು. ನಾವು ಚತುರ್ಥಿಯನ್ನು ಬಳಸುವಲ್ಲಿ ಅವರು ಷಷ್ಠಿಯನ್ನು ಬಳಸುತ್ತಾರೆ, ಅಷ್ಟೆ. ಇದಕ್ಕೂ ಕಾರಣವಿದೆ: ಫಿನ್ನಿಷ್‌ನ ಷಷ್ಠಿ ಹಿಂದೆ ಚತುರ್ಥಿಯ ಕೆಲಸವನ್ನೂ ಮಾಡುತ್ತಿತ್ತು. 'ಯುಮಲನ್ ಕೀತೊಸ್' ಎಂಬ ಉದ್ಗಾರ ಇಂದಿಗೂ ಬಳಕೆಯಲ್ಲಿದೆ. ಅಕ್ಷರಶಃ ನೋಡಿದರೆ "ದೇವರ ವಂದನೆ". ಅರ್ಥ "ದೇವರಿಗೆ ವಂದನೆ", ಸದ್ಯ ದೇವರು ದೊಡ್ಡವನು ಎಂದು ನಾವು ನಿಟ್ಟುಸಿರು ಬಿಡುವ ಸಂದರ್ಭದಲ್ಲಿ ಹೇಳುವ ಮಾತು. ಒಡೆತನವೆಂದು ಕಲಿತವನು ಇಲ್ಲಿ ದೇವರು ಯಾವುದರ ಒಡೆಯನೆಂದು ಹುಡುಕುತ್ತಾ ಕೂರಬೇಕು!

ಕರ್ಮಪದದಲ್ಲಿಯೂ ಅದೇ 'ನ್'. 'ಒಸ್ತಿನ್ ತಲೊನ್', ಮನೆಯನ್ನು ಕೊಂಡೆ. 'ಲುಇನ್ ಕಿರ್ಯನ್' ಎಂದರೆ ಪುಸ್ತಕವನ್ನು ಓದಿ ಮುಗಿಸಿದೆ. 'ಲುಇನ್ ಕಿರ್ಯಾ' ಎಂದರೆ ಓದುತ್ತಿದ್ದೆ, ಮುಗಿಸಿದೆನೋ ಇಲ್ಲವೋ ಹೇಳಿಲ್ಲ. ಹಳೆಯ ವ್ಯಾಕರಣಗಳು ಈ ಮೊದಲನೆಯ ರೂಪವನ್ನು ದ್ವಿತೀಯೆ ಎಂದವು. 2004ರಲ್ಲಿ ಪ್ರಕಟವಾದ ಅಲ್ಲಿಯ ಬೃಹತ್ ವ್ಯಾಕರಣ ಗ್ರಂಥವು ಇದನ್ನೂ ಷಷ್ಠಿ ಎಂದೇ ಕರೆದು, ದ್ವಿತೀಯೆ ಎಂಬ ಹೆಸರನ್ನು 'ನನ್ನನ್ನು', 'ನಿನ್ನನ್ನು', 'ಯಾರನ್ನು' ಎಂಬಂಥ ಕೆಲವು ಸರ್ವನಾಮರೂಪಗಳಿಗೆ ಮಾತ್ರ ಉಳಿಸಿತು. ತಮ್ಮ ಭಾಷೆ ಇರುವ ಹಾಗೆ ವಿಭಕ್ತಿಯ ಹೆಸರನ್ನು ತಿದ್ದಿಕೊಳ್ಳುವ ಧೈರ್ಯ ಅವರಿಗಿದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ಸಂಗತಿ ಬೇರೆ. ಫಿನ್ನಿಷ್‌ನಲ್ಲಿ ಷಷ್ಠಿ ಎಂಬುದು 15 ವಿಭಕ್ತಿಗಳಲ್ಲಿ ಒಂದು ಎಂದು ಎಣಿಸಿ ಮುಂದೆ ಹೋಗುವಂಥದಲ್ಲ. ಅದು ಪದದ ಒಳಬಾಗಿಲು. ಒಂದು ಉದಾಹರಣೆ ಸಾಕು. ನಗರಕ್ಕೆ ಅವರ ಪದ 'ಕೌಪುಂಕಿ'. ಷಷ್ಠಿಯಲ್ಲಿ ಅದು 'ಕೌಪುಙ್ಙಿನ್' ಆಗುತ್ತದೆ. (ವರ್ಣಮಾಲೆಯಲ್ಲಿ ಕಂಠಪಾಠ ಮಾಡಿಸಿ ಆಮೇಲೆ ಎಲ್ಲಿಯೂ ಬಳಸದ ನಮ್ಮ ಙಕಾರಕ್ಕೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು, ಅವರ ಉಚ್ಚಾರ ನಿಜಕ್ಕೂ ಅದೇ.) ಷಷ್ಠಿ ಗೊತ್ತಾದರೆ ಕೊನೆಯ ನಕಾರವನ್ನು ತೆಗೆದು ಮಿಕ್ಕ ಪ್ರತ್ಯಯಗಳನ್ನು ಹಚ್ಚುತ್ತಾ ಹೋಗಬಹುದು: ನಗರದಲ್ಲಿ ಎನ್ನಲು 'ಕೌಪುಙ್ಙಿಸ್ಸ', ನಗರದಿಂದ ಎನ್ನಲು 'ಕೌಪುಙ್ಙಿಸ್ತ'. ಆದರೆ ನಗರಕ್ಕೆ ಎನ್ನುವಾಗ ಮಾತ್ರ ಹಳೆಯ ಕಕಾರ ಮರಳಿ ಬಂದು 'ಕೌಪುಂಕೀನ್' ಆಗುತ್ತದೆ.

ಈಗ ಕನ್ನಡವನ್ನು ಪಕ್ಕದಲ್ಲಿಡಿ. ಊರಿನ, ಊರಿನಲ್ಲಿ, ಊರಿನಿಂದ. ಆದರೆ ಊರಿಗೆ. ಮರದ, ಮರದಲ್ಲಿ, ಮರದಿಂದ. ಆದರೆ ಮರಕ್ಕೆ. ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ರೂಪ ಅಲ್ಲಿಯೂ ಇಲ್ಲಿಯೂ ಷಷ್ಠಿಯ ಬಾಗಿಲಿನಿಂದ ಬರುವುದಿಲ್ಲ. ಗ್ರಂಥಾಲಯದ ಮೇಜಿನ ಮೇಲೆ ಇದನ್ನು ಕಂಡಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ನಡೆದಾಡಿ ಬಂದೆ.

ಏಕೆಂದರೆ ಈ ಅಪರಾಧದಲ್ಲಿ ನನ್ನ ಪಾಲೂ ಇದೆ. 32 ವರ್ಷ ನಾನು ಕರಿಹಲಗೆಯ ಮೇಲೆ ಬರೆಸಿದ್ದೇನು? ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಕೆ, ಪಂಚಮೀ ದೆಸೆಯಿಂದ, ಷಷ್ಠೀ ಅ, ಸಪ್ತಮೀ ಅಲ್ಲಿ. ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು, ನಾನು ಮೇಜು ಕುಟ್ಟುತ್ತಾ ತಾಳ ಹಾಕುತ್ತಿದ್ದೆ. "ಸಾರ್, ಮರ ಮತ್ತು ಅಲ್ಲಿ ಸೇರಿದರೆ ನಡುವೆ ದಕಾರ ಎಲ್ಲಿಂದ ಬಂತು?" ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ್ದ. "ಅದು ದಕಾರಾಗಮ, ಬರೆದುಕೋ" ಎಂದೆ. ಊರಿನಲ್ಲಿ ಎಂಬುದರಲ್ಲಿ 'ಇನ' ಎಲ್ಲಿಂದ ಬಂತು? ಅದೂ ಆಗಮ, ಬರೆದುಕೋ. ಪ್ರತಿ ಮನೆಗೂ ಒಬ್ಬೊಬ್ಬ ಅತಿಥಿ ಆಗಮಿಸುತ್ತಲೇ ಇದ್ದ! ಮರದ ಎಂಬ ಷಷ್ಠಿಯ ರೂಪವೇ ಬುಡ, ಅದರ ಮೇಲೆ 'ಅಲ್ಲಿ' ಕೂತಿದೆ ಎಂದು ಒಂದು ವಾಕ್ಯ ಹೇಳಿದ್ದರೆ ಆ ಹುಡುಗನ ಮುಖ ಅರಳುತ್ತಿತ್ತು. ಪಂಚಮಿಯ ಕಥೆಯಂತೂ ಕೇಳುವುದೇ ಬೇಡ. 'ಮರದ ದೆಸೆಯಿಂದ' ಎಂದು ಬರೆಸುತ್ತಿದ್ದೆವಲ್ಲ, ಅದರಲ್ಲಿ ಮೊದಲ ಪದ ಷಷ್ಠಿ, ಎರಡನೆಯದು ದೆಸೆ ಎಂಬ ನಾಮಪದಕ್ಕೆ ತೃತೀಯೆ. ಸಂಸ್ಕೃತದಲ್ಲಿ ಏಳು ಇವೆಯೆಂದು ಲೆಕ್ಕ ಭರ್ತಿ ಮಾಡಲು ಷಷ್ಠಿಯ ಹೆಗಲ ಮೇಲೆ ಇನ್ನೊಂದು ಪದವನ್ನು ಕೂರಿಸಿ ಅದಕ್ಕೊಂದು ಸಂಖ್ಯೆ ಕೊಟ್ಟೆವು. ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕವನ್ನೇ ಬರೆದಾಗ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಅದನ್ನು ಹಾಸ್ಯ ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಫಿನ್ನಿಷ್ ಭಾಷೆಗೂ ಇದೇ ಗತಿ ಒದಗಿತ್ತು. ಅದರ ಮೊದಲ ಮುದ್ರಿತ ವ್ಯಾಕರಣವನ್ನು ಎಸ್ಕಿಲ್ ಪೆತ್ರೇಉಸ್ ಎಂಬುವರು 1649ರಲ್ಲಿ ಹೊರತಂದರು. ಅದು ಬರೆದಿರುವುದೂ ಲ್ಯಾಟಿನ್‌ನಲ್ಲಿ, ಅದರ ಅಚ್ಚೂ ಲ್ಯಾಟಿನ್ ವ್ಯಾಕರಣದ್ದು. ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ. ಮೇಲೆ ಹೇಳಿದ 2004ರ ಗ್ರಂಥವೇ ಸಾಕ್ಷಿ. ನಾವು ಸಂಸ್ಕೃತದ ಅಚ್ಚಿನಿಂದ ಬಿಡಿಸಿಕೊಳ್ಳುವ ಮೊದಲೇ ನಮ್ಮ ಮಕ್ಕಳ ಕೈಗೆ ಇಂಗ್ಲಿಷಿನ ಅಚ್ಚನ್ನು ಕೊಟ್ಟಿದ್ದೇವೆ.

"ಆದರೂ ಕಕಾರ ಹೋಗಿ ಙಕಾರ ಬರುವುದು, ತಕಾರ ದಕಾರವಾಗುವುದು ಕಷ್ಟವಲ್ಲವೆ?" ಎಂದು ಮಗಳು ಕೇಳಿದಳು. ಕಷ್ಟವೇ. ಆದರೆ ಅಪರಿಚಿತವಲ್ಲ. 'ಕತು' ಎಂದರೆ ಬೀದಿ, ಬೀದಿಯ ಎನ್ನಲು 'ಕದುನ್'. 'ಲುಪ' ಎಂದರೆ ಪರವಾನಗಿ, ವಲಸೆ ಹೋದವರೆಲ್ಲ ಹಗಲೂ ರಾತ್ರಿ ಜಪಿಸುವ ವಾಸದ ಪರವಾನಗಿಯ ಪದದಲ್ಲಿ ಇರುವುದೂ ಇದೇ, ಷಷ್ಠಿಯಲ್ಲಿ 'ಲುವನ್'. ತಕಾರಕ್ಕೆ ದಕಾರ, ಪಕಾರಕ್ಕೆ ವಕಾರ! ಪ್ರೌಢಶಾಲೆಯಲ್ಲಿ ಆದೇಶಸಂಧಿ ಓದಿದವರು ಕೈಯೆತ್ತಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಹಳಗನ್ನಡದಲ್ಲಿ ನೀರ್ ಮತ್ತು ಪೊನಲ್ ಸೇರಿ ನೀರ್ವೊನಲ್. ಕ, ತ, ಪ ಎಂಬ ಮೂರು ಗಟ್ಟಿ ವ್ಯಂಜನಗಳು ಸಂದರ್ಭಕ್ಕೆ ತಕ್ಕಂತೆ ಸಡಿಲವಾಗುತ್ತವೆ ಎಂಬ ಕಲ್ಪನೆ ಕೇಶಿರಾಜನ ಕಾಲದಿಂದ ನಮ್ಮಲ್ಲಿದೆ. ಸಂದರ್ಭ ಮಾತ್ರ ಬೇರೆ. ನಮ್ಮಲ್ಲಿ ಎರಡು ಪದಗಳು ಕೂಡುವಾಗ ಆಗುವುದು ಅಲ್ಲಿ ಪದಾಂಶ ಮುಚ್ಚಿಕೊಂಡಾಗ ಆಗುತ್ತದೆ. 'ಕತು' ಎನ್ನುವಾಗ ಕೊನೆಯ ಅಕ್ಷರ ಸ್ವರದಲ್ಲಿ ತೆರೆದುಕೊಂಡಿದೆ. ಷಷ್ಠಿಯ ನಕಾರ ಬಂದು ಅದನ್ನು ಮುಚ್ಚಿದೊಡನೆ ಅದರ ಆರಂಭದ ತಕಾರ ಸಡಿಲವಾಗುತ್ತದೆ. ಛಂದಸ್ಸಿನಲ್ಲಿ ವ್ಯಂಜನ ಬಂದು ಮುಚ್ಚಿದ ಅಕ್ಷರ ಗುರುವಾಗುವುದನ್ನು ಗುರುತಿಸಿದ ಕಣ್ಣಿಗೆ ಇದು ಒಂದು ಸಂಜೆಯ ಪಾಠ. 'ನಗರಕ್ಕೆ' ಎಂಬ ರೂಪದಲ್ಲಿ ಕಕಾರ ಏಕೆ ಉಳಿಯಿತು ಎಂಬುದರ ವಿವರ ಸ್ವಲ್ಪ ಉದ್ದ. ಹಿಂದೊಮ್ಮೆ ಆ ಅಕ್ಷರ ತೆರೆದುಕೊಂಡಿತ್ತು ಎಂದಷ್ಟೇ ಹೇಳಿ ಬಿಡುತ್ತೇನೆ.

ಒತ್ತಕ್ಷರವಿದ್ದರೆ ಒತ್ತು ಬಿದ್ದುಹೋಗುತ್ತದೆ. 'ಕುಕ್ಕ' ಎಂದರೆ ಹೂವು, ಹೂವಿನ ಎನ್ನಲು 'ಕುಕನ್'. ಇಲ್ಲಿಯೂ ನಮ್ಮ ಕಿವಿ, ನಮ್ಮ ಲಿಪಿ ನಮಗೆ ಸಹಾಯಕ್ಕೆ ಬರುತ್ತವೆ. 'ಮತ್ತೊ' ಎಂದರೆ ನೆಲಹಾಸು, 'ಮತೊ' ಎಂದರೆ ಹುಳು. ಷಷ್ಠಿಯಲ್ಲಿ ನೆಲಹಾಸು 'ಮತೊನ್' ಆಗುತ್ತದೆ, ಹುಳು 'ಮದೊನ್' ಆಗುತ್ತದೆ. ಒತ್ತಕ್ಷರವಿಲ್ಲದ ಲಿಪಿಯಲ್ಲಿ, ಒತ್ತು ಕೇಳಿಸದ ಭಾಷೆಯ ಮೂಲಕ, ಇದನ್ನು ಕಲಿತವನು ನೆಲಹಾಸಿನ ಕೆಳಗೆ ಹುಡುಕಬೇಕಾದದ್ದನ್ನು ಹುಳುವಿನ ಕೆಳಗೆ ಹುಡುಕುತ್ತಾನೆ. ನಾನೂ ಒಮ್ಮೆ ಹುಡುಕಿದೆ. ಮೊಮ್ಮಗ ನೆಲದ ಮೇಲೆ ಹೊರಳಾಡಿ ನಕ್ಕ. "ತಾತ, ಹುಳದ ಕೆಳಗೆ ನನ್ನ ಕಾರು ಹೇಗಿರುತ್ತೆ?"

ಕಠಿಣ ಭಾಷೆ ಎಂಬ ಅಳಿಯಂದಿರ ಮಾತಿಗೂ ಉತ್ತರ ಕೊಡಬೇಕಲ್ಲ. ಈ ಮಾತು ಎಲ್ಲಿಂದ ಬಂತೆಂದು ಹುಡುಕಿದೆ. ಅಮೆರಿಕ ಸರ್ಕಾರದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ನೌಕರರಿಗಾಗಿ ಭಾಷೆಗಳನ್ನು ದರ್ಜೆಗಳಾಗಿ ವಿಂಗಡಿಸಿದೆ. ಫಿನ್ನಿಷ್‌ಗೆ ಸುಮಾರು 1100 ಗಂಟೆಗಳ ತರಗತಿ ಬೇಕೆಂದು ಅದರ ಲೆಕ್ಕ. ಆದರೆ ಆ ಲೆಕ್ಕ ಇಂಗ್ಲಿಷ್ ಮಾತೃಭಾಷೆಯವರಿಗೆ ಹಾಕಿದ್ದು. ಅದೇ ದರ್ಜೆಯಲ್ಲಿ, ಅಷ್ಟೇ ಗಂಟೆಗಳ ಬಾಬಿನಲ್ಲಿ, ತಮಿಳೂ ಇದೆ, ತೆಲುಗೂ ಇದೆ, ಹಿಂದಿಯೂ ಇದೆ! ಕೋಲಾರದ ತರಕಾರಿ ಮಾರುವ ಹೆಂಗಸು ಇಂಥ 1100 ಗಂಟೆಗಳ ಎರಡು ಭಾಷೆಗಳನ್ನು ತಕ್ಕಡಿ ಹಿಡಿದುಕೊಂಡೇ ಕಲಿತಿದ್ದಾಳೆ. ಅಮೆರಿಕನ್ನರ ಭಯವನ್ನು ನಾವು ಏಕೆ ಎರವಲು ತರಬೇಕು? ಅವರ ಕಾಲಿಗೆ ಹೊಲಿದ ಚಪ್ಪಲಿ ನಮಗೆ ಕಚ್ಚುತ್ತದೆಯೆಂದು ದಾರಿಯನ್ನೇ ದೂರುವುದು ಯಾವ ನ್ಯಾಯ?

ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಎಂಬುದು ಕಚೇರಿಯ ಮಟ್ಟಿಗೆ ನಿಜವಿರಬಹುದು. ಶಿಶುವಿಹಾರದ ಗೇಟಿನ ಬಳಿ ಮಗುವಿನ ಭಾಷೆ ಇಂಗ್ಲಿಷ್ ಅಲ್ಲ. ನಿಲ್ದಾಣದಿಂದ ಬೀದಿಗೆ ಬಂದರೆ ಕಣ್ಣಿಗೆ ಬೀಳುವುದೆಲ್ಲ ಷಷ್ಠಿಯೇ. 'ಅಲೆಕ್ಸಂತೆರಿನ್‌ಕತು', ಅಲೆಕ್ಸಾಂಡರನ ಬೀದಿ. ಅಲ್ಲಿಯ ಪ್ರಮುಖ ದಿನಪತ್ರಿಕೆಯ ಹೆಸರು 'ಹೆಲ್ಸಿಙ್ಙಿನ್ ಸನೊಮತ್', ಹೆಲ್ಸಿಂಕಿಯ ವಾರ್ತೆಗಳು. ದೇಶದ ಹೆಸರು 'ಸುಒಮಿ'. ಆದರೆ ರಿಸರ್ವ್ ಬ್ಯಾಂಕಿನಂಥ ಅವರ ಕೇಂದ್ರ ಬ್ಯಾಂಕು 'ಸುಒಮೆನ್ ಪಂಕ್ಕಿ'. ಇಕಾರ ಹೋಗಿ ಎಕಾರ ಬಂತು. ಏಕೆ? ಅದು ಹಳೆಯ ಪದ. ನಿಮಿ, ಹೆಸರು, 'ನಿಮೆನ್' ಆಗುತ್ತದೆ. ವೆಸಿ, ನೀರು, 'ವೆದೆನ್' ಆಗುತ್ತದೆ. ಹೊರಗಿನಿಂದ ಈಚೆಗೆ ಬಂದ ಪದಗಳು ಮಾತ್ರ ಇಕಾರವನ್ನು ಬಿಟ್ಟುಕೊಡುವುದಿಲ್ಲ. ಬಸ್ಸು ಅವರಲ್ಲಿ 'ಬುಸ್ಸಿ'. ಬಸ್ಸಿನ ಎನ್ನಲು 'ಬುಸ್ಸಿನ್'. ಬ್ಯಾಂಕಿನ ಎನ್ನಲು 'ಪಂಕಿನ್'. ನ್ಯೂಯಾರ್ಕಿನ ಎನ್ನಲು 'ನ್ಯೂಯಾರ್ಕಿನ್'! ವ್ಯಂಜನದಲ್ಲಿ ಮುಗಿಯುವ ಪರದೇಶದ ಹೆಸರಿಗೆ ನಾವೂ ಇಕಾರ ಸೇರಿಸಿ ನಕಾರ ಹಚ್ಚುತ್ತೇವೆ, ಅವರೂ ಅದನ್ನೇ ಮಾಡುತ್ತಾರೆ.

ಇದನ್ನು ಓದಿ ಯಾರೂ ಹಾರಾಡಬೇಡಿ. ಈಗಾಗಲೇ ವಾಟ್ಸಾಪಿನಲ್ಲಿ ಒಬ್ಬ ಹಳೆಯ ಸಹೋದ್ಯೋಗಿಗಳು "ಫಿನ್ನಿಷ್ ಕನ್ನಡದ ಮಗಳು" ಎಂದು ಘೋಷಣೆ ಕಳುಹಿಸಿದ್ದಾರೆ. ಇಂಥ ಮಾತು ಹೊಸದಲ್ಲ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಬರೆದ ಕಾಲ್ಡ್‌ವೆಲ್ ಅವರೂ ಫಿನ್ನಿಷ್ ಮೊದಲಾದ ಭಾಷೆಗಳನ್ನು ಸಿಥಿಯನ್ ಎಂಬ ಹೆಸರಿನಲ್ಲಿ ಸೇರಿಸಿ ನಮ್ಮ ಭಾಷೆಗಳೊಡನೆ ನಂಟು ಕಲ್ಪಿಸಿದ್ದರು. ಇಂದಿನ ವಿದ್ವಾಂಸರು ಅದನ್ನು ಸಾಬೀತಾದ ನಂಟೆಂದು ಒಪ್ಪುವುದಿಲ್ಲ. ಫಿನ್ನಿಷ್ ಯುರಾಲಿಕ್ ಕುಟುಂಬದ್ದು. ಎಸ್ಟೋನಿಯನ್ ಹತ್ತಿರದ ನೆಂಟ, ಹಂಗೇರಿಯನ್ ದೂರದ ನೆಂಟ. ಕನ್ನಡ ಅದರ ಅಮ್ಮನೂ ಅಲ್ಲ, ಅತ್ತೆಯೂ ಅಲ್ಲ. ಇಬ್ಬರು ಅಪರಿಚಿತರ ಮನೆಯ ಕೀಲಿ ಒಂದೇ ಕಂಪನಿಯದ್ದಾಗಿದ್ದರೆ ಅವರು ನೆಂಟರಾಗುವುದಿಲ್ಲ. ಆದರೆ ಆ ಕೀಲಿ ಕೆಲಸ ಮಾಡುತ್ತದೆ, ನನಗೆ ಬೇಕಾದದ್ದು ಅಷ್ಟೇ.

ಕನ್ನಡ ಎಲ್ಲವನ್ನೂ ತೆರೆಯುತ್ತದೆ ಎಂದೂ ನಾನು ಹೇಳುವುದಿಲ್ಲ. "ದೊಡ್ಡ ಮನೆಯ" ಎನ್ನುವಾಗ ನಾವು ದೊಡ್ಡ ಎಂಬುದನ್ನು ಮುಟ್ಟುವುದಿಲ್ಲ. ಅವರು 'ಇಸೊನ್ ತಲೊನ್' ಎಂದು ವಿಶೇಷಣಕ್ಕೂ ನಕಾರ ಹಚ್ಚುತ್ತಾರೆ. ಇಲ್ಲಿ ಸಹಾಯಕ್ಕೆ ಬರುವುದು ಕನ್ನಡವಲ್ಲ, ನಾನು ಇಷ್ಟು ಹೊತ್ತು ಬೈದ ಸಂಸ್ಕೃತ! ವಿಶೇಷ್ಯದ ವಿಭಕ್ತಿಯೇ ವಿಶೇಷಣಕ್ಕೆ ಎಂಬ ಸೂತ್ರವನ್ನು ಎಂಟನೆಯ ತರಗತಿಯಲ್ಲಿ ಸಂಸ್ಕೃತ ಓದಿದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 'ಒಸೊಇತೆ', ವಿಳಾಸ, ಎಂಬ ಪದ ಷಷ್ಠಿಯಲ್ಲಿ ಒತ್ತನ್ನು ಕಳೆದುಕೊಳ್ಳುವ ಬದಲು ಗಳಿಸಿಕೊಂಡು 'ಒಸೊಇತ್ತೇನ್' ಆಗುತ್ತದೆ. ಮನುಷ್ಯ ಎಂಬ ಅರ್ಥದ 'ಇಹ್ಮಿನೆನ್' ಹೋಗಿ 'ಇಹ್ಮಿಸೆನ್' ಆಗುತ್ತದೆ. ಇವನ್ನು ಕಂಠಪಾಠವೇ ಮಾಡಬೇಕು. ಕಂಠಪಾಠಕ್ಕೆ ನಾನು ವಿರೋಧಿಯಲ್ಲ. ತಪ್ಪು ವಸ್ತುವನ್ನು ಕಂಠಪಾಠ ಮಾಡಿಸುವುದಕ್ಕೆ ವಿರೋಧಿ. ಹೊಸ ಪದವನ್ನು ಒಂಟಿಯಾಗಿ ಕಲಿಯಬಾರದು. ಪ್ರಥಮೆ ಮತ್ತು ಷಷ್ಠಿ, ಎರಡನ್ನೂ ಗಂಡಹೆಂಡಿರಂತೆ ಜೋಡಿಯಾಗಿ ಕಲಿಯಬೇಕು: ಲಪ್ಸಿ ಲಪ್ಸೆನ್, ವೆಸಿ ವೆದೆನ್, ತುರ್ಕು ತುರುನ್. 'ಲಪ್ಸೆನ್' ಎಂಬುದನ್ನು ಮೊಬೈಲು ಅನುವಾದಿಸಿ ಕೊಡುತ್ತದೆ, ಸರಿ. ಆದರೆ ಅದರ ಬುಡ ಲಪ್ಸಿ ಎಂದು ಕಲಿಸದೆ ಬಿಡುತ್ತದೆ. ಮಗಳು ಒಂಬತ್ತು ವರ್ಷ ನಮೂನೆಗಳನ್ನು ತುಂಬಿದ್ದಾಳೆ, ಒಂದು ಷಷ್ಠಿಯನ್ನೂ ಕಲಿತಿರಲಿಲ್ಲ.

ಹೊರಡುವ ಮುನ್ನ ಹದಿನೈದು ದಿನ ರಾತ್ರಿ ಊಟವಾದ ಮೇಲೆ ನಾನೂ ಮಗಳೂ ಅಡುಗೆಕೋಣೆಯಲ್ಲಿ ಕುಳಿತು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆವು. ಎಡಕ್ಕೆ ಪ್ರಥಮೆ, ನಡುವೆ ಷಷ್ಠಿ, ಬಲಕ್ಕೆ ಕನ್ನಡ. ಇಂಗ್ಲಿಷಿಗೆ ಅಂಕಣವಿಲ್ಲ. ಮೊದಲ ದಿನ ಆಕೆ ಕನ್ನಡದ ಅಂಕಣವನ್ನು ತುಂಬಲು ತಡವರಿಸಿದಳು. ಕೈ ಇಂಗ್ಲಿಷಿಗೇ ಹೋಗುತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ "ಅಪ್ಪ, ಇದು ಊರಿನಲ್ಲಿ ಊರಿಗೆ ತರಹ ಅಲ್ವಾ?" ಎಂದು ತಾನೇ ಹೇಳತೊಡಗಿದಳು. ಅಳಿಯಂದಿರು ಆಚೆ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೇಳಿಸದವರಂತೆ ಇದ್ದರು. ಕೊನೆಯ ವಾರ ಮಾತ್ರ, "ಮಾವ, ಆ 'ಲುವನ್' ಪಕಾರ ವಕಾರ ಅಂದಿರಲ್ಲ, ಅದು ಎಲ್ಲ ಪದಕ್ಕೂ ಹಾಗೇನಾ?" ಎಂದು ಕೇಳಿದರು. ಎಲ್ಲಕ್ಕೂ ಅಲ್ಲ, ಒತ್ತಿದ್ದರೆ ಬೇರೆ, ಹಿಂದೆ ಮಕಾರವಿದ್ದರೆ ಬೇರೆ ಎಂದು ಹೇಳಿ ಅವರಿಗೂ ಒಂದು ಪುಟ ಬರೆದುಕೊಟ್ಟೆ.

ಬಹುವಚನದ ಷಷ್ಠಿಗೆ ಬರುವ ಹೊತ್ತಿಗೆ ನನ್ನ ವೀಸಾದ ದಿನಗಳು ಮುಗಿದಿದ್ದವು. ಅದೊಂದು ಕಾಡು. ಸೇಬು ಎಂಬ ಅರ್ಥದ 'ಒಮೆನ' ಪದಕ್ಕೆ, ಸೇಬುಗಳ ಎನ್ನಲು, ಐದು ರೂಪಗಳನ್ನು ವ್ಯಾಕರಣ ಒಪ್ಪುತ್ತದೆ: ಒಮೆನೊಇದೆನ್, ಒಮೆನೊಇತ್ತೆನ್, ಒಮೆನಿಎನ್, ಒಮೆನೊಯೆನ್, ಒಮೆನಇನ್. ಇವುಗಳಲ್ಲಿ ಯಾವುದನ್ನು ಬರೆದುಕೊಳ್ಳಬೇಕೆಂದು ತಿಳಿಯದೆ, ಮಗಳು ಮಲಗಲು ಹೊರಟಿದ್ದ ಮಗನನ್ನು ಕರೆದು, ಅವನ ಎದುರಿಗೇ, ಫಿನ್ನಿಷ್‌ನಲ್ಲಿಯೇ ಕೇಳಿದಳು. ಅವನು ಒಂದು ರೂಪವನ್ನು ಹೇಳಿ ಹಲ್ಲುಜ್ಜಲು ಹೋದ. ಆಕೆ ಅದನ್ನು ನಡುವಿನ ಅಂಕಣದಲ್ಲಿ ಬರೆದುಕೊಂಡಳು. ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಾಳೆ. ವಾರಕ್ಕೆ ಎರಡು ದಿನ ವೀಡಿಯೊ ಕರೆಯಲ್ಲಿ ನೋಟ್‌ಬುಕ್ಕಿನ ಪುಟಗಳನ್ನು ತೋರಿಸುತ್ತಾಳೆ. ನಾನು ಕೆಂಪು ಪೆನ್ನು ಹಿಡಿದು ಕುಳಿತಿರುತ್ತೇನೆ, ಹಚ್ಚಲು ಮಾತ್ರ ಆಗುವುದಿಲ್ಲ.